ಮೊಮ್ಮಗನಿಗಿಂತ ನಾಲ್ಕೇ ವರ್ಷ ದೊಡ್ಡ ಅಜ್ಜಿ: ಉಮಾಶ್ರೀ ಅವರಿಗೆ ನಾವು ಕೊಟ್ಟ ಜಾಗ ಯಾವುದು?

ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ. ಉಮಾಶ್ರೀ ಹುಟ್ಟಿದ್ದು 1957ರಲ್ಲಿ. 1995ರಲ್ಲಿ 'ಪುಟ್ನಂಜ' ಸಿನಿಮಾ ಬಂತು. ಅದರಲ್ಲಿ ರವಿಚಂದ್ರನ್ ಹೀರೋ. ಹೀರೋನ ಅಜ್ಜಿ ಪುಟ್ಮಲ್ಲಿಯಾಗಿ ಉಮಾಶ್ರೀ. ಮೊಮ್ಮಗನಿಗಿಂತ ನಾಲ್ಕೇ ವರ್ಷ ದೊಡ್ಡವರಾದ ಅಜ್ಜಿ!

ನೋಡಿದ ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ. ನರೆತ ಕೂದಲು, ಒರಟು ದನಿ, ಬೈಗುಳದಲ್ಲೇ ಪ್ರೀತಿ ತೋರಿಸುವ ಹಳ್ಳಿ ಮುದುಕಿಯ ಗತ್ತು ಎಲ್ಲವೂ ಅಷ್ಟು ಸರಿಯಾಗಿ ಕೂತಿತ್ತು. ಇವತ್ತಿಗೂ ಆ ಸಿನಿಮಾ ಅಂದರೆ ತುಂಬಾ ಜನಕ್ಕೆ ಮೊದಲು ನೆನಪಾಗುವುದು ಪುಟ್ಮಲ್ಲಿಯೇ. ಇದು ನಟಿಯ ಗೆಲುವು, ಅನುಮಾನವೇ ಇಲ್ಲ. ಆದರೆ ಇನ್ನೊಂದು ಕಡೆಯಿಂದಲೂ ಇದನ್ನು ನೋಡಬೇಕು. ಮೂವತ್ತೆಂಟು ವರ್ಷದ, ಅಷ್ಟು ಶಕ್ತಿ ಇರುವ ಕಲಾವಿದೆಗೆ ಆಗಿನ ಕನ್ನಡ ಸಿನಿಮಾ ಕೊಡಬಹುದಾಗಿದ್ದ ಅತಿ ದೊಡ್ಡ ಪಾತ್ರ ಅಜ್ಜಿಯದ್ದಾಗಿತ್ತು. ಅದೇ ವಯಸ್ಸಿನ ನಟರು ಆಗ ಕಾಲೇಜು ಹುಡುಗರ ಪಾತ್ರ ಮಾಡುತ್ತಿದ್ದರು.

ಉಮಾಶ್ರೀ ಅವರ ಬಗ್ಗೆ ಬರೆಯುವವರೆಲ್ಲ 'ಬಹುಮುಖ ಪ್ರತಿಭೆ' ಅಂತ ಶುರು ಮಾಡುತ್ತಾರೆ. ನಾಟಕ, ಸಿನಿಮಾ, ಟಿವಿ, ರಾಜಕೀಯ, ಈಗ ಯಕ್ಷಗಾನ. ಮಾತು ನಿಜ. ಆದರೆ ಒಬ್ಬ ನಟಿ ಇಷ್ಟೊಂದು ಕಡೆ ಯಾಕೆ ಓಡಾಡಬೇಕಾಯಿತು ಅನ್ನುವ ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ. ನನಗೆ ಅನ್ನಿಸುವುದು ಇದು: ಅವರ ಬಹುಮುಖತೆ ಪ್ರತಿಭೆಯಿಂದ ಎಷ್ಟು ಬಂತೋ, ಯಾವ ಒಂದು ಮಾಧ್ಯಮವೂ ಅವರಿಗೆ ಪೂರ್ತಿ ಜಾಗ ಕೊಡದೇ ಇದ್ದುದರಿಂದಲೂ ಅಷ್ಟೇ ಬಂತು. ಈ ಮಾತು ಅವರೊಬ್ಬರಿಗೆ ಸೇರಿದ್ದಲ್ಲ. ಇವತ್ತು ನಲವತ್ತು ದಾಟಿದ ಕನ್ನಡ ನಟಿಯರೆಲ್ಲ ಯಾಕೆ ಟಿವಿಯಲ್ಲೇ ಸಿಗುತ್ತಾರೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ.

ಶುರು ಆಗಿದ್ದು ರಂಗಭೂಮಿಯಲ್ಲಿ. ಉಮಾಶ್ರೀ ತುಮಕೂರು ಜಿಲ್ಲೆ ತಿಪಟೂರು ತಾಲ್ಲೂಕಿನ ನೊಣವಿನಕೆರೆಯವರು. ಹವ್ಯಾಸಿ ನಾಟಕಗಳಲ್ಲಿ ಬಣ್ಣ ಹಚ್ಚುತ್ತಾ ಬೆಳೆದವರು. ಅವರ ಹೆಸರನ್ನು ನಾಟಕದ ಜನ ಮರೆಯದ ಹಾಗೆ ಮಾಡಿದ್ದು 'ಒಡಲಾಳ'. ದೇವನೂರ ಮಹಾದೇವ ಅವರ ಕೃತಿ, ಸಿಜಿಕೆ ಅಂತಲೇ ಎಲ್ಲರೂ ಕರೆಯುತ್ತಿದ್ದ ಸಿ.ಜಿ. ಕೃಷ್ಣಸ್ವಾಮಿ ಅವರ ನಿರ್ದೇಶನ, ರಂಗಸಂಪದ ತಂಡ. ಅದರಲ್ಲಿ ಉಮಾಶ್ರೀ ಸಾಕವ್ವ. ಕಳೆದುಹೋದ ಹುಂಜವನ್ನು ಹುಡುಕುತ್ತಾ ಕೇರಿಯೆಲ್ಲ ಅಲೆಯುವ ದಲಿತ ಮುದುಕಿ. ಒಂದು ರಾತ್ರಿ, ಒಂದು ಗುಡಿಸಲು, ಹಸಿದ ಹೊಟ್ಟೆಗಳು, ಕದ್ದು ತಂದ ಕಡಲೆಕಾಯಿ, ಬೆಳಗಾದರೆ ಪೊಲೀಸರು. ಇಷ್ಟರಲ್ಲೇ ಕಥೆ ನಡೆಯುತ್ತದೆ. ಇಡೀ ನಾಟಕವನ್ನು ಹೊತ್ತು ನಿಲ್ಲಬೇಕಾದವಳು ಸಾಕವ್ವ. ಆಗಲೂ ಉಮಾಶ್ರೀ ಯುವತಿ, ಪಾತ್ರ ಮುದುಕಿಯದ್ದು.

ಸಾಕವ್ವನಿಗೂ ಪುಟ್ಮಲ್ಲಿಗೂ ಇರುವ ವ್ಯತ್ಯಾಸದಲ್ಲಿ ಈ ಲೇಖನದ ಅರ್ಧ ವಿಷಯ ಇದೆ. ಇಬ್ಬರೂ ಬಾಯಿ ಜೋರಿನ ಹಳ್ಳಿ ಮುದುಕಿಯರು. ಆದರೆ ಸಾಕವ್ವ ಕಥೆಯ ನಡುವೆ ಇದ್ದಾಳೆ. ನಾವು ಲೋಕವನ್ನು ಅವಳ ಕಣ್ಣಿಂದ ನೋಡುತ್ತೇವೆ. ಪುಟ್ಮಲ್ಲಿ ಎಷ್ಟೇ ಜೀವಂತವಾಗಿದ್ದರೂ ಅವಳಿರುವುದು ಹೀರೋ ಕಥೆಗೆ ಬಲ ಕೊಡುವುದಕ್ಕೆ. ರಂಗದ ಮೇಲೆ ಸಿಕ್ಕ ಆ ನಡುವಿನ ಜಾಗವನ್ನು ಸಿನಿಮಾ ಅವರಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೊಡಲಿಲ್ಲ.

ಸಿನಿಮಾದಲ್ಲಿ ಜನ ಅವರನ್ನು ಗುರುತಿಸಿದ್ದು 1984ರ 'ಅನುಭವ'ದಿಂದ. ಕಾಶೀನಾಥ್ ನಿರ್ದೇಶನ. ಮದುವೆ, ಲೈಂಗಿಕತೆ ಬಗ್ಗೆ ಆ ಕಾಲಕ್ಕೆ ತುಂಬಾ ಬಿಚ್ಚಿ ಮಾತಾಡಿದ ಸಿನಿಮಾ. ಅದು ಹಿಟ್ ಆಯಿತು. ಉಮಾಶ್ರೀ ಅವರಿಗೆ ಅವಕಾಶಗಳೂ ಬಂದವು, ಅದರ ಜೊತೆಗೆ ಒಂದು ಮುದ್ರೆಯೂ ಬಿತ್ತು. 'ಇಂಥ ಪಾತ್ರ ಮಾಡುವವರು' ಅನ್ನುವ ಮುದ್ರೆ. ಒಂದು ಸಲ ಬಿದ್ದರೆ ಅದು ಸುಲಭಕ್ಕೆ ಹೋಗುವುದಿಲ್ಲ. ಅದೇ ಸಿನಿಮಾದಿಂದ ಕಾಶೀನಾಥ್ ಅವರಿಗೆ ತಮ್ಮದೇ ಒಂದು ಶೈಲಿಯ ಹೀರೋ ಪಟ್ಟ ಸಿಕ್ಕಿತು. ನಟಿಗೆ ಸಿಕ್ಕಿದ್ದು ಕಾಮಿಡಿ ಟ್ರ್ಯಾಕ್.

ಈ ಕಾಮಿಡಿ ಟ್ರ್ಯಾಕ್ ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಈಗಿನ ಓದುಗರಿಗೆ ಅದರ ಲೆಕ್ಕಾಚಾರ ಗೊತ್ತಿರಲಿಕ್ಕಿಲ್ಲ. ಎಂಬತ್ತು, ತೊಂಬತ್ತರ ದಶಕದ ಎಷ್ಟೋ ಕಮರ್ಷಿಯಲ್ ಸಿನಿಮಾಗಳಲ್ಲಿ ಹಾಸ್ಯ ಅನ್ನುವುದು ಮುಖ್ಯ ಕಥೆಯ ಪಕ್ಕದಲ್ಲಿ ಓಡುವ ಇನ್ನೊಂದು ಕಥೆ. ಹೀರೋ, ಹೀರೋಯಿನ್, ವಿಲನ್ ಒಂದು ಕಡೆ. ಇನ್ನೊಂದು ಕಡೆ ಹಾಸ್ಯ ನಟರ ಗುಂಪು. ಎರಡೂ ಕೆಲವು ದೃಶ್ಯಗಳಲ್ಲಿ ಮಾತ್ರ ಸೇರುತ್ತಿದ್ದವು. ಹಾಸ್ಯದ ಭಾಗವನ್ನು ಕೆಲವೇ ದಿನಗಳಲ್ಲಿ ಶೂಟಿಂಗ್ ಮಾಡಿ ಮುಗಿಸಬಹುದಿತ್ತು. ಕಲಾವಿದರ ಕಾಲ್‌ಶೀಟ್ ಕಡಿಮೆ ಸಾಕು, ಖರ್ಚೂ ಕಡಿಮೆ. ಹಾಗಾಗಿ ಒಬ್ಬ ಹಾಸ್ಯ ಕಲಾವಿದೆ ಒಂದೇ ಹೊತ್ತಿಗೆ ಹಲವು ಸಿನಿಮಾ ಒಪ್ಪಿಕೊಳ್ಳಬಹುದಿತ್ತು, ಒಪ್ಪಿಕೊಳ್ಳಲೂ ಬೇಕಿತ್ತು. ಒಂದೊಂದರಿಂದ ಸಿಗುವ ದುಡ್ಡು ಅಷ್ಟಕ್ಕಷ್ಟೇ. ಒಬ್ಬರೇ ನಿಂತು ಮಕ್ಕಳನ್ನು ಬೆಳೆಸಿದ್ದನ್ನು ಉಮಾಶ್ರೀ ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಅಂಥವರಿಗೆ ಪಾತ್ರ ಆರಿಸಿಕೊಳ್ಳುವ ಐಷಾರಾಮ ಎಲ್ಲಿಂದ ಬರಬೇಕು?

ಎನ್.ಎಸ್. ರಾವ್ ಅವರ ಜೊತೆಗಿನ ಜೋಡಿಯಂತೂ ಆ ಕಾಲದ ಪ್ರೇಕ್ಷಕರಿಗೆ ಮನೆಮಾತು. ಮೈಸೂರು ಲೋಕೇಶ್, ದಿನೇಶ್ ಅಂಥವರ ಜೊತೆಗೂ ಎಷ್ಟೊಂದು ಸಿನಿಮಾಗಳು. ಗಯ್ಯಾಳಿ ಹೆಂಡತಿ, ಗಂಡಸರ ಹಿಂದೆ ಬೀಳುವ ಹೆಂಗಸು, ಮನೆಗೆಲಸದವಳು, ಘಟವಾಣಿ ಅತ್ತೆ. ಡಬಲ್ ಮೀನಿಂಗ್ ಮಾತುಗಳು. ಮೈಕಟ್ಟಿನ ಮೇಲೆ ಜೋಕು. ಇವತ್ತು ಯೂಟ್ಯೂಬಿನಲ್ಲಿ ಆ ತುಣುಕುಗಳನ್ನು ನೋಡಿದರೆ ಬರವಣಿಗೆ ಎಷ್ಟೋ ಕಡೆ ಮುಜುಗರ ತರುತ್ತದೆ. ನಟನೆ ಮಾತ್ರ ಹಾಗಲ್ಲ. ಮಾತಿನ ಟೈಮಿಂಗ್ ಗಮನಿಸಿ. ಎದುರಿನವರ ಮಾತು ಮುಗಿದ ಮೇಲೆ ಒಂದು ಕ್ಷಣ ತಡೆದು, ಕಣ್ಣು ಮೊದಲು ಉತ್ತರ ಕೊಟ್ಟು, ಆಮೇಲೆ ಬಾಯಿ ತೆರೆಯುವ ರೀತಿ. ಇದು ಕ್ಯಾಮೆರಾ ಮುಂದೆ ಕಲಿತದ್ದಲ್ಲ. ಎದುರಿಗೆ ಜನ ಕೂತಿರುವಾಗ, ನಗು ಎಲ್ಲಿ ಏಳುತ್ತದೆ ಎಲ್ಲಿ ಇಳಿಯುತ್ತದೆ ಅಂತ ಕಿವಿಯಿಂದ ಅಳೆದು ಕಲಿತ ಕೆಲಸ. ನಾಟಕದವರಿಗೆ ಮಾತ್ರ ಬರುವ ಲೆಕ್ಕ ಅದು.

ಅವರ ನಿಜವಾದ ಬಲ ಇನ್ನೊಂದು ಇದೆ. ಅದು ಆಡುಮಾತು. ಸಾಕವ್ವನದು ನಂಜನಗೂಡು ಕಡೆಯ ಮಾತು. ಪುಟ್ಮಲ್ಲಿಯದು ಹಳೇ ಮೈಸೂರಿನ ಹಳ್ಳಿಮಾತು. 'ಗುಲಾಬಿ ಟಾಕೀಸ್'ನಲ್ಲಿ ಕುಂದಾಪುರ ಕಡೆಯ ಕರಾವಳಿ ಮಾತು. 'ಕನಸೆಂಬೋ ಕುದುರೆಯನೇರಿ'ಯಲ್ಲಿ ಉತ್ತರ ಕರ್ನಾಟಕದ್ದು. ಕನ್ನಡದಲ್ಲಿ ಇಷ್ಟು ಕಡೆಯ ಮಾತನ್ನು ನಾಲಿಗೆ ಮೇಲೆ ಇಟ್ಟುಕೊಂಡು, ಅದರಲ್ಲೇ ಯೋಚಿಸುವ ಹಾಗೆ ಕಾಣುವ ನಟಿಯರು ತುಂಬಾ ಕಡಿಮೆ. ಆದರೆ ನಮ್ಮ ಕಮರ್ಷಿಯಲ್ ಸಿನಿಮಾದಲ್ಲಿ ಆಡುಮಾತಿಗೆ ಇದ್ದ ಜಾಗ ಯಾವುದು? ಹೀರೋಯಿನ್ ಪುಸ್ತಕದ ಕನ್ನಡ ಆಡುತ್ತಿದ್ದಳು. ಎಷ್ಟೋ ಸಲ ಆ ದನಿಯೂ ಬೇರೆಯವರದ್ದು, ಡಬ್ಬಿಂಗ್ ಕಲಾವಿದೆಯದ್ದು. ಹಳ್ಳಿಮಾತು ಆಡುತ್ತಿದ್ದವರು ನಗಿಸುವವರು. ಮಾತು ಹಳ್ಳಿಯದ್ದು ಅಂದಾಕ್ಷಣ ಜನ ನಗಬೇಕು ಅನ್ನುವ ನಿಯಮ. ಹೀಗಾಗಿ ಉಮಾಶ್ರೀ ಅವರ ಅತಿ ದೊಡ್ಡ ಶಕ್ತಿಯೇ ಅವರನ್ನು ಹಾಸ್ಯದ ಮೂಲೆಗೆ ಕೂರಿಸಿತು. ಅವರ ಬಣ್ಣ, ಮೈಕಟ್ಟು ಬಗ್ಗೆ ಇಂಡಸ್ಟ್ರಿಯ ಧೋರಣೆ ಹೇಗಿತ್ತು ಅಂತ ಎಲ್ಲರಿಗೂ ಗೊತ್ತು. ಮಾತಿನ ಬಗ್ಗೆ ಇದ್ದ ಧೋರಣೆಯನ್ನು ನಾವು ಅಷ್ಟು ಗಮನಿಸಿಲ್ಲ.

ಅದೇ ಮಾತನ್ನು ನಗುವಿನಿಂದ ಬಿಡಿಸಿದ್ದು ಗಿರೀಶ್ ಕಾಸರವಳ್ಳಿ. 2008ರ 'ಗುಲಾಬಿ ಟಾಕೀಸ್'. ವೈದೇಹಿ ಅವರ ಕಥೆಯನ್ನು ಆಧರಿಸಿ, ಸಾಕಷ್ಟು ಬದಲಾಯಿಸಿ ಮಾಡಿದ ಸಿನಿಮಾ. ಕರಾವಳಿಯ ಒಂದು ಮೀನುಗಾರರ ಹಳ್ಳಿ. ಕಾರ್ಗಿಲ್ ಯುದ್ಧದ ಸಮಯ. ಗುಲಾಬಿ ಮುಸ್ಲಿಂ ಸೂಲಗಿತ್ತಿ. ಗಂಡ ಇನ್ನೊಬ್ಬಳ ಜೊತೆ ಬೇರೆ ಸಂಸಾರ ಹೂಡಿದ್ದಾನೆ. ಗುಲಾಬಿಗೆ ಇರುವ ಒಂದೇ ಹುಚ್ಚು ಸಿನಿಮಾ. ಒಂದು ಕಷ್ಟದ ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಬಣ್ಣದ ಟಿವಿ, ಡಿಶ್ ಆಂಟೆನಾ ಸಿಗುತ್ತದೆ. ಊರ ಹೆಂಗಸರು ಒಬ್ಬೊಬ್ಬರಾಗಿ ಅವಳ ಮನೆಗೆ ಬರಲು ಶುರು ಮಾಡುತ್ತಾರೆ. ಜಾತಿ, ಧರ್ಮ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತವೆ. ಆಮೇಲೆ ಹೊರಗಿನ ಯುದ್ಧ, ಹೊಸ ದೋಣಿಗಳ ವ್ಯಾಪಾರದ ಜಗಳ, ಕೋಮು ದ್ವೇಷ ಎಲ್ಲವೂ ಆ ಪುಟ್ಟ ಮನೆಗೆ ನುಗ್ಗುತ್ತವೆ. ಕೊನೆಗೆ ಗುಲಾಬಿ ಊರು ಬಿಡಬೇಕಾಗುತ್ತದೆ.

ಈ ಪಾತ್ರದಲ್ಲಿ ಉಮಾಶ್ರೀ ಹಾಸ್ಯ ನಟಿಯಾಗಿ ಕಲಿತದ್ದನ್ನು ಬಿಟ್ಟು ಬರಲಿಲ್ಲ. ಅದನ್ನೇ ತಂದರು. ಗುಲಾಬಿ ನಗುತ್ತಾಳೆ, ಹಟ ಮಾಡುತ್ತಾಳೆ, ಸಿನಿಮಾ ಅಂದರೆ ಮಗುವಿನ ಹಾಗೆ ಕುಣಿಯುತ್ತಾಳೆ. ಬರೀ ಅಳುವ ಬಡವಿಯಲ್ಲ ಅವಳು. ಆ ಖುಷಿ ಅಷ್ಟು ನಿಜವಾಗಿ ಇರುವುದರಿಂದಲೇ ಮುಂದೆ ಅದನ್ನು ಕಿತ್ತುಕೊಂಡಾಗ ನೋಡುವವರಿಗೆ ಹೊಟ್ಟೆ ಹಿಂಡುತ್ತದೆ. ಇಪ್ಪತ್ತು ವರ್ಷ ಸಿನಿಮಾ ಅವರನ್ನು ಬಳಸಿಕೊಂಡ ಅದೇ ಮುಖ, ಅದೇ ದೇಹ, ಅದೇ ಮಾತು. ಬದಲಾಗಿದ್ದು ಕ್ಯಾಮೆರಾ ಅವರನ್ನು ನೋಡಿದ ರೀತಿ ಮಾತ್ರ.

ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2007ನೇ ಸಾಲಿನ ಶ್ರೇಷ್ಠ ನಟಿ. ಕನ್ನಡ ಸಿನಿಮಾಕ್ಕಾಗಿ ಆ ಪ್ರಶಸ್ತಿ ಪಡೆದವರಲ್ಲಿ ಅವರು ಮೂರನೆಯವರು. ಮೊದಲು 'ಕಾಡು' ಸಿನಿಮಾಕ್ಕೆ ನಂದಿನಿ ಭಕ್ತವತ್ಸಲ, ಆಮೇಲೆ 'ಹಸೀನಾ'ಕ್ಕೆ ತಾರಾ. 'ಹಸೀನಾ' ಮಾಡಿದ್ದೂ ಕಾಸರವಳ್ಳಿಯವರೇ, ಅದೂ ಒಬ್ಬ ಮುಸ್ಲಿಂ ಹೆಣ್ಣುಮಗಳ ಕಥೆಯೇ. ಮೂರೂ ಮುಖ್ಯವಾಹಿನಿಯ ಹೊರಗಿನ ಸಿನಿಮಾಗಳು. ಎಷ್ಟೊಂದು ದುಡ್ಡು, ಎಷ್ಟೊಂದು ಸ್ಟಾರ್‌ಗಳು ಇರುವ ನಮ್ಮ ದೊಡ್ಡ ಸಿನಿಮಾಗಳಿಂದ ಒಬ್ಬ ನಟಿಗೂ ಆ ಪ್ರಶಸ್ತಿ ಬಂದಿರಲಿಲ್ಲ ಅನ್ನುವುದು ಯೋಚಿಸಬೇಕಾದ ವಿಷಯ, ಅಲ್ವಾ?

ಇದಾದ ಮೇಲೆ ಕಾಸರವಳ್ಳಿ 'ಕನಸೆಂಬೋ ಕುದುರೆಯನೇರಿ' ಮಾಡಿದರು. ಅಮರೇಶ ನುಗಡೋಣಿ ಅವರ ಕಥೆ. ಹೆಣ ಹೂಳಲು ಗುಂಡಿ ತೋಡುವ ಈರ್ಯಾ, ಅವನ ಹೆಂಡತಿ ರುದ್ರಿ. ಈರ್ಯಾನಾಗಿ ವೈಜನಾಥ ಬಿರಾದಾರ್, ರುದ್ರಿಯಾಗಿ ಉಮಾಶ್ರೀ. ಬಿರಾದಾರ್ ಕೂಡ ಅಲ್ಲಿಯವರೆಗೆ ಚಿಲ್ಲರೆ ಹಾಸ್ಯ ಪಾತ್ರಗಳಲ್ಲೇ ಕಳೆದುಹೋಗಿದ್ದ ನಟ. ಈ ಪಾತ್ರಕ್ಕೆ ಸ್ಪೇನ್ ದೇಶದ ಚಿತ್ರೋತ್ಸವದಲ್ಲಿ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಇಬ್ಬರು 'ಕಾಮಿಡಿಯವರು' ಒಟ್ಟಿಗೆ ಇಂಥ ಸಿನಿಮಾವನ್ನು ಹೊತ್ತರು. ಅಂದರೆ ಕಾಮಿಡಿ ಟ್ರ್ಯಾಕಿನಲ್ಲಿ ಇನ್ನೂ ಎಷ್ಟು ಜನ ಹೀಗೆ ಕಾಯುತ್ತಾ ಇದ್ದರೋ!

ಪ್ರಶಸ್ತಿ ಬಂದ ಮೇಲಾದರೂ ದೊಡ್ಡ ಪಾತ್ರಗಳ ಸಾಲು ಹಿಡಿಯಿತೇ? ಇಲ್ಲ. ಅವರ ಬದುಕು ಆ ಹೊತ್ತಿಗೆ ಇನ್ನೊಂದು ಕಡೆ ತಿರುಗಿತ್ತು. ವಿಧಾನ ಪರಿಷತ್ತಿನಲ್ಲಿ ಆಗಲೇ ಒಂದು ಅವಧಿ ಮುಗಿಸಿದ್ದರು. 2008ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ ವಿಧಾನಸಭೆಗೆ ನಿಂತು ಸೋತರು. 2013ರಲ್ಲಿ ಅಲ್ಲಿಂದಲೇ ಗೆದ್ದರು. ರಬಕವಿ-ಬನಹಟ್ಟಿಯ ನೇಕಾರರ ಕ್ಷೇತ್ರ ಅದು. ಸಿದ್ದರಾಮಯ್ಯ ಅವರ ಮೊದಲ ಸರ್ಕಾರದಲ್ಲಿ ಕನ್ನಡ ಮತ್ತು ಸಂಸ್ಕೃತಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆಗಳ ಮಂತ್ರಿಯಾದರು. 2018ರಲ್ಲಿ ಸೋತರು. 2023ರಲ್ಲಿ ಮತ್ತೆ ಪರಿಷತ್ತಿಗೆ ನಾಮನಿರ್ದೇಶನ ಆಯಿತು. ಅವರ ರಾಜಕೀಯವನ್ನು ಅಳೆಯುವುದು ಈ ಲೇಖನದ ಕೆಲಸ ಅಲ್ಲ. ಆದರೆ ಒಂದು ವಿಷಯ ಹೇಳಲೇಬೇಕು. ತಾರಾ, ಜಯಮಾಲಾ ಇಬ್ಬರೂ ಪರಿಷತ್ತಿಗೆ ಹೋದರು. ಜಯಮಾಲಾ 2018ರಲ್ಲಿ ಮಂತ್ರಿಯೂ ಆದರು. ಬಿ. ಜಯಶ್ರೀ ರಾಜ್ಯಸಭೆಗೆ ಹೋದರು. ಒಳ್ಳೆಯದೇ. ಆದರೂ ನಮ್ಮ ನಟಿಯರಿಗೆ ಒಂದು ವಯಸ್ಸಾದ ಮೇಲೆ ಸದನದಲ್ಲಿ ಸಿಗುವ ಕುರ್ಚಿ ಸಿನಿಮಾ ಕಥೆಯಲ್ಲಿ ಸಿಗುವುದಿಲ್ಲ ಅನ್ನುವುದು ನನಗೆ ಬೇಸರದ ಸಂಗತಿ.

ಮಂತ್ರಿಗಿರಿ ಮುಗಿದ ಮೇಲೆ ಅವರು ಮತ್ತೆ ಬಣ್ಣ ಹಚ್ಚಿದ ರೀತಿ ನನಗೆ ತುಂಬಾ ಇಷ್ಟ. 'ಶರ್ಮಿಷ್ಠೆ' ಅನ್ನುವ ಏಕವ್ಯಕ್ತಿ ನಾಟಕ ಹಿಡಿದುಕೊಂಡು ಊರೂರು ಹೋದರು. ಬೇಲೂರು ರಘುನಂದನ್ ಬರೆದದ್ದು, ಚಿದಂಬರರಾವ್ ಜಂಬೆ ನಿರ್ದೇಶನ. ಅರವತ್ತು ದಾಟಿದ ಮೇಲೆ ಒಬ್ಬರೇ ರಂಗದ ಮೇಲೆ ನಿಂತು ಇಡೀ ನಾಟಕ ನಡೆಸುವುದು ಸಣ್ಣ ಮಾತಲ್ಲ. ಉಸಿರು, ನೆನಪು, ಕಾಲಿನ ಬಲ ಮೂರೂ ಬೇಕು.

2021 ಅವರ ಪಾಲಿಗೆ ದೊಡ್ಡ ವರ್ಷ. ಅಕ್ಟೋಬರ್‌ನಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ 'ರತ್ನನ್ ಪ್ರಪಂಚ' ಬಂತು. ರೋಹಿತ್ ಪದಕಿ ನಿರ್ದೇಶನ, ಧನಂಜಯ ಹೀರೋ. ಉಮಾಶ್ರೀ ಅವನ ತಾಯಿ ಸರೋಜ. ಮಗನ ತಲೆ ತಿನ್ನುವ, ನೆರೆಹೊರೆಯವರ ಜೊತೆ ಜಗಳ ಕಾಯುವ, ಮಗನೇ ಪ್ರಪಂಚ ಅಂದುಕೊಂಡ ಮಧ್ಯಮ ವರ್ಗದ ಅಮ್ಮ. ತಾನು ಸಾಕುಮಗ ಅಂತ ಗೊತ್ತಾದ ಮೇಲೆ ಅವನು ಹೆತ್ತವಳನ್ನು ಹುಡುಕಿ ಹೊರಡುತ್ತಾನೆ. ಆ ಹುಡುಕಾಟದಲ್ಲಿ ಶ್ರುತಿ, ಅನು ಪ್ರಭಾಕರ್ ಅವರಿಗೂ ಗಟ್ಟಿ ಪಾತ್ರಗಳಿವೆ. ತೊಂಬತ್ತರ ದಶಕದ ಹೀರೋಯಿನ್ ಶ್ರುತಿ ಅವರಿಗೆ ಅಂಥ ಪಾತ್ರ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ. ಗಮನಿಸಿ, ಈ ಸಿನಿಮಾ ಥಿಯೇಟರಿಗೆ ಬರಲಿಲ್ಲ. ನೇರವಾಗಿ ಓಟಿಟಿಗೆ ಹೋಯಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾಯಿತು. ನಿರ್ದೇಶನ ಆರೂರು ಜಗದೀಶ್. ಗಂಡು ಹೆರಲಿಲ್ಲ ಅಂತ ಗಂಡ ಬಿಟ್ಟು ಇನ್ನೊಂದು ಮದುವೆಯಾದ. ಪುಟ್ಟಕ್ಕ ಮೆಸ್ ನಡೆಸುತ್ತಾ ಮೂರು ಹೆಣ್ಣುಮಕ್ಕಳನ್ನು ಬೆಳೆಸಿದಳು. ಅವರಲ್ಲಿ ಒಬ್ಬಳು ಸ್ನೇಹಾ. ಧಾರಾವಾಹಿ ಶುರುವಾದಾಗಲೇ ಟಿಆರ್‌ಪಿಯಲ್ಲಿ ಮೇಲಕ್ಕೆ ಹೋಯಿತು, ತುಂಬಾ ಕಾಲ ಅಲ್ಲೇ ನಿಂತಿತು. ಹುಡುಗ-ಹುಡುಗಿ ಪ್ರೇಮಕಥೆಗಳ ನಡುವೆ, ಅರವತ್ತು ದಾಟಿದ ನಟಿಯೊಬ್ಬರ ಹೆಸರಿನಲ್ಲಿ ನಿಂತ ಧಾರಾವಾಹಿ ಇದು. 'ಗುಲಾಬಿ ಟಾಕೀಸ್'ನಲ್ಲಿ ಊರ ಹೆಂಗಸರು ಟಿವಿ ನೋಡುವುದಕ್ಕೆ ಗುಲಾಬಿ ಮನೆಗೆ ಬರುತ್ತಿದ್ದರು. ಈಗ ಅದೇ ನಟಿ ಟಿವಿ ಮೂಲಕ ನಾಡಿನ ಹೆಂಗಸರ ಮನೆಗೆ ಪ್ರತಿ ಸಂಜೆ ಬಂದರು.

ಟಿವಿ ಕೆಲಸ ಸಿನಿಮಾಕ್ಕಿಂತ ಹಗುರ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ತಪ್ಪು. ಅರ್ಧ ಗಂಟೆಯ ಒಂದು ಸಂಚಿಕೆಗೆ ಜಾಹೀರಾತು ತೆಗೆದರೆ ಇಪ್ಪತ್ತು ನಿಮಿಷಕ್ಕೂ ಸ್ವಲ್ಪ ಜಾಸ್ತಿ ದೃಶ್ಯ ಬೇಕು. ಅದು ವಾರಕ್ಕೆ ಐದೋ ಆರೋ ಸಲ. ಸಿನಿಮಾದವರು ಒಂದು ದಿನಕ್ಕೆ ಒಂದೆರಡು ನಿಮಿಷದ ದೃಶ್ಯ ತೆಗೆದರೆ ಸಾಕು ಅಂದುಕೊಳ್ಳುತ್ತಾರೆ. ಧಾರಾವಾಹಿಯವರು ಬೆಳಗ್ಗೆ ಬಂದ ಡೈಲಾಗನ್ನು ಬೆಳಗ್ಗೆಯೇ ಬಾಯಿಗೆ ತಂದುಕೊಳ್ಳಬೇಕು. ಮುಂಚಿತವಾಗಿ ಸಂಚಿಕೆಗಳನ್ನು ಕೂಡಿಟ್ಟುಕೊಳ್ಳದಿದ್ದರೆ ಒಬ್ಬರಿಗೆ ಜ್ವರ ಬಂದರೂ ಇಡೀ ತಂಡಕ್ಕೆ ತೊಂದರೆ. ಅದರ ಮೇಲೆ ಪ್ರತಿ ವಾರ ಬರುವ ಟಿಆರ್‌ಪಿ ನೋಡಿಕೊಂಡು ಕಥೆ ತಿರುಗುತ್ತದೆ. ಪಾತ್ರ ಮುಂದಿನ ತಿಂಗಳು ಏನು ಮಾಡುತ್ತದೆ ಅಂತ ನಟಿಗೇ ಗೊತ್ತಿರುವುದಿಲ್ಲ. ನಾಟಕದಲ್ಲಿ ಪಾತ್ರದ ಕೊನೆ ಮೊದಲೇ ಗೊತ್ತು, ಅದಕ್ಕೆ ತಕ್ಕ ಹಾಗೆ ಶುರುವಿನಿಂದ ಹೆಣೆದುಕೊಂಡು ಹೋಗಬಹುದು. ಇಲ್ಲಿ ಅದು ಆಗುವುದಿಲ್ಲ.

ಇಂಥ ಕಡೆ ಉಮಾಶ್ರೀ ಮಾಡಿದ ಒಂದು ಆಯ್ಕೆ ನನಗೆ ದೊಡ್ಡದಾಗಿ ಕಾಣುತ್ತದೆ. ಧಾರಾವಾಹಿಯ ಸಂಗೀತ ಜೋರು, ಕಟ್ಟಿಂಗ್ ಜೋರು, ಎದುರು ಪಾತ್ರಗಳು ಜೋರು. ಪುಟ್ಟಕ್ಕ ಮಾತ್ರ ಮೆಸ್ಸಿನಲ್ಲಿ ಕೆಲಸ ಮಾಡುತ್ತಲೇ ಮಾತಾಡುತ್ತಾಳೆ. ಕೈ ಸುಮ್ಮನೆ ಇರುವುದಿಲ್ಲ. ಸೊಪ್ಪು ಬಿಡಿಸುವುದು, ಸೆರಗಿನಿಂದ ಮುಖ ಒರೆಸುವುದು, ಊಟಕ್ಕೆ ಕೂತವರ ಎಲೆ ಕಡೆ ಒಂದು ಕಣ್ಣು ಇಡುವುದು. ದುಡಿಯುವ ಹೆಂಗಸು ಅಳುವುದಕ್ಕೂ ಕೆಲಸ ನಿಲ್ಲಿಸುವುದಿಲ್ಲ ಅಂತ ಗೊತ್ತಿರುವ ನಟನೆ ಅದು. ಒಂದು ಕಾಲದಲ್ಲಿ ನಗಿಸಲು ಬಳಸುತ್ತಿದ್ದ ಆ ತಡೆದು ಮಾತಾಡುವ ಟೈಮಿಂಗನ್ನು ಇಲ್ಲಿ ಅವಮಾನ ನುಂಗಿಕೊಳ್ಳುವುದಕ್ಕೆ ಬಳಸಿದರು.

ಹಾಗಂತ ಟಿವಿ ಎಲ್ಲವನ್ನೂ ಸರಿ ಮಾಡಿತು ಅಂತ ನಾನು ಹೇಳಲಾರೆ. ಪುಟ್ಟಕ್ಕ ತಾಳ್ಮೆಯ ತಾಯಿ. ಬಿಟ್ಟುಹೋದ ಗಂಡನ ವಿಷಯದಲ್ಲೂ ಅವಳ ಮನಸ್ಸು ಕರಗುತ್ತಲೇ ಇರುತ್ತದೆ. ಅವಳ ಸಿಟ್ಟಿಗೆ ಧಾರಾವಾಹಿ ಒಂದು ಮಿತಿ ಹಾಕಿದೆ. ಸಾಕವ್ವನ ಸಿಟ್ಟಿಗೆ ಮಿತಿ ಇರಲಿಲ್ಲ. ಕಥೆಯ ವಿಷಯಕ್ಕೆ ಬಂದರೆ, 2024ರ ಕೊನೆಯಲ್ಲಿ ಸ್ನೇಹಾ ಪಾತ್ರ ಮಾಡುತ್ತಿದ್ದ ನಟಿ ಹೊರಗೆ ಹೋದಾಗ ಆ ಪಾತ್ರವನ್ನೇ ಸಾಯಿಸಿದರು. ಕಷ್ಟಪಟ್ಟು ಓದಿ ಜಿಲ್ಲಾಧಿಕಾರಿಯಾದ ಮಗಳು! ಇಡೀ ಧಾರಾವಾಹಿ ಕಟ್ಟಿದ್ದ ಆಸೆಯೇ ಅದು. ನೋಡುಗರು ಸಿಟ್ಟಾದರು, ಆಗುವುದು ಸಹಜ. ವರ್ಷಗಟ್ಟಲೆ ಎಳೆಯುವ ಕಥೆಯಲ್ಲಿ ಇಂಥ ಏಟು ತಪ್ಪುವುದಿಲ್ಲ. ಏಟು ಬಿದ್ದಾಗ ಅದನ್ನು ನಂಬುವ ಹಾಗೆ ಮಾಡುವ ಹೊಣೆ ಮತ್ತೆ ನಟಿಯ ಹೆಗಲ ಮೇಲೆ.

ಇಷ್ಟೆಲ್ಲ ಇದ್ದರೂ ನಡುವಯಸ್ಸಿನ ಹೆಣ್ಣನ್ನು ಕಥೆಯ ನಡುವೆ ಕೂರಿಸುವ ಕೆಲಸವನ್ನು ಈಗ ಕನ್ನಡದಲ್ಲಿ ಟಿವಿಯೇ ಮಾಡುತ್ತಿದೆ. 2022ರಲ್ಲಿ 'ಶ್ರೀರಸ್ತು ಶುಭಮಸ್ತು' ಬಂತು. ಶಿವರಾಜ್‌ಕುಮಾರ್ ಹೀರೋ ಆದ ಮೊದಲ ಸಿನಿಮಾ 'ಆನಂದ್'ನ ಹೀರೋಯಿನ್ ಸುಧಾರಾಣಿ ಇಲ್ಲಿ ತುಳಸಿ. ಮಗ ಮದುವೆಯ ವಯಸ್ಸಿಗೆ ಬಂದ ಮೇಲೆ ತಾನೇ ಇನ್ನೊಂದು ಮದುವೆಯಾಗುವ ವಿಧವೆ. ಅದೇ ಸಮಯಕ್ಕೆ ಕಲರ್ಸ್ ಕನ್ನಡದಲ್ಲಿ 'ಭಾಗ್ಯಲಕ್ಷ್ಮೀ'. ಸುಷ್ಮಾ ಕೆ. ರಾವ್ ಮಾಡಿದ ಭಾಗ್ಯ, ಮಕ್ಕಳಾದ ಮೇಲೆ ಶಾಲೆಗೆ ಹೋಗಿ ಹತ್ತನೇ ಕ್ಲಾಸ್ ಪರೀಕ್ಷೆ ಬರೆಯುತ್ತಾಳೆ. ಗಂಡ ಬಿಟ್ಟಾಗ ಅಡುಗೆಯನ್ನೇ ವ್ಯಾಪಾರ ಮಾಡಿಕೊಳ್ಳುತ್ತಾಳೆ. ಅವಳ ಬೆನ್ನಿಗೆ ನಿಲ್ಲುವುದು ಪದ್ಮಜಾ ರಾವ್ ಮಾಡಿದ ಅತ್ತೆ ಕುಸುಮಾ. ಸೊಸೆಯ ಪರವಾಗಿ ಮಗನ ವಿರುದ್ಧ ನಿಲ್ಲುವ ಅತ್ತೆಯನ್ನು ನಮ್ಮ ಸಿನಿಮಾಗಳಲ್ಲಿ ಹುಡುಕಿ ನೋಡಿ. ವಿಧವೆಯ ಮರುಮದುವೆ, ಬಿಟ್ಟ ಗಂಡ, ನಿಂತುಹೋದ ಓದು, ಮೆಸ್ ನಡೆಸಿ ಬದುಕುವುದು. ಇವು ನಮ್ಮ ಅಕ್ಕಂದಿರು, ಅಮ್ಮಂದಿರು ದಿನವೂ ಎದುರಿಸುವ ವಿಷಯಗಳು. ಇವುಗಳ ಬಗ್ಗೆ ಸಂಜೆ ಹೊತ್ತು ಮಾತಾಡುತ್ತಿರುವುದು ಧಾರಾವಾಹಿ. ಗುಣಮಟ್ಟದ ಬಗ್ಗೆ ಎಷ್ಟು ಬೇಕಾದರೂ ಜಗಳ ಆಡೋಣ, ಆದರೆ ಅಲ್ಲಿ ಕಥೆ ಅವಳದ್ದು.

ಯಾಕೆ ಹೀಗಾಯಿತು? ಯಾರು ದುಡ್ಡು ಕೊಡುತ್ತಾರೆ ಅನ್ನುವುದರಲ್ಲಿ ಉತ್ತರ ಇದೆ. ಸಂಜೆ ಟಿವಿ ರಿಮೋಟ್ ಮನೆಯ ಹೆಂಗಸರ ಕೈಯಲ್ಲಿರುತ್ತದೆ ಅಂತ ಜಾಹೀರಾತಿನವರಿಗೆ ಗೊತ್ತು. ಸೋಪು, ಅಡುಗೆ ಎಣ್ಣೆ, ಮಸಾಲೆ ಪುಡಿ ಕೊಳ್ಳುವುದು ಅವರು. ಅದಕ್ಕೇ ಕಥೆ ಅವರ ಕಡೆ ತಿರುಗುತ್ತದೆ. ಥಿಯೇಟರಿನ ಲೆಕ್ಕ ಬೇರೆ. ಮೊದಲ ಮೂರು ದಿನದ ಕಲೆಕ್ಷನ್ ಹೆಚ್ಚಾಗಿ ಹುಡುಗರದ್ದು, ಸ್ಟಾರ್ ಅಭಿಮಾನಿಗಳದ್ದು. ಹಣ ಹಾಕುವವರು ಕಥೆ ಕೇಳುವುದೂ ಅವರ ಕಿವಿಯಿಂದಲೇ. ಅಲ್ಲಿ ತಾಯಿ ಪಾತ್ರ ಅಂದರೆ ಹೀರೋ ಅಳುವುದಕ್ಕೆ ಒಂದು ಕಾರಣ. 'ಜೋಗಿ'ಯಲ್ಲಿ ಅರುಂಧತಿ ನಾಗ್ ಅಂಥವರು ಆ ಚೌಕಟ್ಟಿನೊಳಗೇ ನಿಂತು ಅದನ್ನು ಎಷ್ಟೋ ಎತ್ತರಕ್ಕೆ ಒಯ್ದರು. ಆದರೆ ಅರುಂಧತಿ ಅವರಿಗೆ ಪೋಷಕ ನಟಿ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ ಬಂದದ್ದು ಹಿಂದಿಯ 'ಪಾ' ಸಿನಿಮಾದಿಂದ.

'ವಯಸ್ಸಾದ ಹೆಂಗಸಿನ ಕಥೆ ಯಾರು ನೋಡುತ್ತಾರೆ' ಅನ್ನುವ ಮಾತು ನಮ್ಮ ಸಿನಿಮಾ ಮಂದಿಯ ಗಾಂಧಿನಗರದಲ್ಲಿ ಹಳೆಯದು. ಪುಟ್ಟಕ್ಕ, ತುಳಸಿ, ಭಾಗ್ಯ ಬಂದ ಮೇಲೆ ಆ ಮಾತಿಗೆ ಬಲ ಇಲ್ಲ. ನೋಡುವವರು ಇದ್ದಾರೆ, ಲಕ್ಷಾಂತರ ಇದ್ದಾರೆ. ಅವರು ಥಿಯೇಟರಿಗೆ ಬರುತ್ತಿಲ್ಲ, ಅಷ್ಟೇ. ಇಲ್ಲಿ ಕಥೆಯ ಪ್ರಶ್ನೆ ಮುಗಿದು ಬೇರೆ ಪ್ರಶ್ನೆಗಳು ಶುರುವಾಗುತ್ತವೆ. ತಾಲ್ಲೂಕು ಊರುಗಳಲ್ಲಿ ಒಂದು ಪರದೆಯ ಎಷ್ಟೋ ಟಾಕೀಸುಗಳು ಮುಚ್ಚಿ ಕಲ್ಯಾಣ ಮಂಟಪ, ಅಂಗಡಿ ಸಾಲು ಆಗಿವೆ. ಉಳಿದದ್ದು ನಗರದ ಮಾಲ್‌ಗಳು. ನಾಲ್ಕು ಜನರ ಕುಟುಂಬ ಮಲ್ಟಿಪ್ಲೆಕ್ಸಿಗೆ ಹೋಗಿ ಬಂದರೆ ಎಷ್ಟೋ ಮನೆಗಳ ವಾರದ ದಿನಸಿ ಖರ್ಚು ಆಗಿಬಿಡುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆ ಜಗಳವನ್ನು ನಾವು ಸ್ಟಾರ್ ಸಿನಿಮಾಗಳ ಕಲೆಕ್ಷನ್ ಲೆಕ್ಕದಲ್ಲಿ ಮಾತ್ರ ನೋಡಿದೆವು. ಸಂಜೆ ಮನೆಯಲ್ಲಿ ಕೂತು ಪುಟ್ಟಕ್ಕನನ್ನು ನೋಡುವ ಹೆಂಗಸು ಅದೇ ನಟಿಯನ್ನು ದೊಡ್ಡ ಪರದೆ ಮೇಲೆ ನೋಡಬಹುದೋ ಇಲ್ಲವೋ ಅನ್ನುವುದೂ ಅದೇ ಜಗಳದೊಳಗೆ ಇತ್ತು. 'ರತ್ನನ್ ಪ್ರಪಂಚ' ಓಟಿಟಿಗೆ ಹೋದಾಗ ಆದದ್ದೂ ಇದೇ. ಧಾರಾವಾಹಿ ನೋಡುವ ಎಷ್ಟು ಮನೆಗಳಲ್ಲಿ ತಿಂಗಳ ಚಂದಾ ಕಟ್ಟಿ ಓಟಿಟಿ ನೋಡುತ್ತಾರೆ?

ಉಮಾಶ್ರೀ ಅವರಂತೂ ಯಾರಿಗೂ ಕಾಯುತ್ತಾ ಕೂತಿಲ್ಲ. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಜೊತೆ ಯಕ್ಷಗಾನದಲ್ಲಿ ಮಂಥರೆಯಾಗಿ ರಂಗಕ್ಕೆ ಬಂದರು. ಹೆಜ್ಜೆ, ತಾಳ, ಅಲ್ಲಲ್ಲೇ ಹುಟ್ಟುವ ಮಾತು, ವರ್ಷಗಟ್ಟಲೆ ಅದರಲ್ಲೇ ಪಳಗಿದ ಕಲಾವಿದರ ನಡುವೆ. ಅರವತ್ತೇಳನೇ ವಯಸ್ಸಿನಲ್ಲಿ ಹೊಸ ರಂಗವನ್ನು ಶುರುವಿನಿಂದ ಕಲಿಯಲು ಒಪ್ಪಿದವರಿಗೆ ಇನ್ನೂ ಎಂಥ ಪಾತ್ರ ಬರೆಯಬಹುದು ಅಂತ ನಮ್ಮ ಸಿನಿಮಾ ಬರಹಗಾರರು ಈಗಲಾದರೂ ಯೋಚಿಸಲಿ. ಮುಂದಿನ ವರ್ಷ ಅಲ್ಲ, ಈ ವರ್ಷವೇ.